ರೈಲಿನಲ್ಲಿ ತಾಷ್ಕೆಂಟ್, ಮನೆಯೊಂದರಲ್ಲಿ ಬಿಡಾರ: ಹೇಗೆ?

ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟ್‌ಗೆ ದೆಹಲಿಯಿಂದ ನೇರ ವಿಮಾನವಿದೆ. ಆದರೆ ರೈಲಿನಲ್ಲಿ ಊರು ಸೇರುವ ಸುಖ ಬೇಕಿದ್ದರೆ ಒಂದು ಉಪಾಯವಿದೆ. ಇಳಿದ ಕೂಡಲೇ ದೇಶದೊಳಗಿನ ವಿಮಾನ ಹಿಡಿದು ಪಶ್ಚಿಮದ ಉರ್ಗೆಂಚ್‌ಗೆ ಹೋಗಿ, ಹತ್ತಿರದ ಹಳೆಯ ಕೋಟೆಯೂರು ಖೀವಾ ನೋಡಿ, ಅಲ್ಲಿಂದ ರಾತ್ರಿ ರೈಲಿನಲ್ಲಿ ರಾಜಧಾನಿಗೆ ಮರಳಬಹುದು. ದಾರಿಯಲ್ಲಿ ಬುಖಾರಾ, ಸಮರ್‌ಕಂದ್‌ಗಳಲ್ಲಿ ಇಳಿದು ಹತ್ತುವವರೂ ಇದ್ದಾರೆ.

ಮೊದಲ ಕೆಲಸ ವೀಸಾ. ಅದಕ್ಕೆ ಅಂತರ್ಜಾಲದಲ್ಲೇ ಅರ್ಜಿ ಹಾಕಬಹುದು. ಎರಡನೆಯದು ಟಿಕೆಟ್. ರೈಲ್ವೆಯ ಅಧಿಕೃತ ಜಾಲತಾಣದಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ನಮೂದಿಸಿ. ನಿಲ್ದಾಣದ ಬಾಗಿಲಲ್ಲೇ ಸಾಮಾನು ತಪಾಸಣೆ ಇರುವುದರಿಂದ ಹೊತ್ತಿಗೆ ಮುಂಚೆ ತಲುಪಿ. ರಾತ್ರಿ ರೈಲಿನಲ್ಲಿ ‘ಪ್ಲಾಟ್ಸ್‌ಕಾರ್ಟ್’ ಎಂದರೆ ಬಾಗಿಲಿಲ್ಲದ ತೆರೆದ ಬೋಗಿ. ನಮ್ಮ ಸ್ಲೀಪರ್‌ನಂತೆ ಬದಿಯ ಬರ್ತ್‌ಗಳೂ ಇರುತ್ತವೆ. ‘ಕುಪೆ’ ನಾಲ್ಕು ಹಾಸಿಗೆಗಳ ಮುಚ್ಚಿದ ಕೋಣೆ. ಜನರೊಡನೆ ಮಾತು ಬೆಳೆಯಬೇಕಾದರೆ ಮೊದಲನೆಯದೇ ವಾಸಿ. ಬೋಗಿಯ ತುದಿಯಲ್ಲಿ ಬಿಸಿನೀರು ಸದಾ ಸಿಗುತ್ತದೆ, ಚಹಾಪುಡಿ ನಿಮ್ಮದಿರಲಿ. ಸಮರ್‌ಕಂದ್‌ನಿಂದ ಬರುವವರಿಗೆ ‘ಅಫ್ರಾಸಿಯಾಬ್’ ಎಂಬ ವೇಗದ ರೈಲಿದೆ. 2011ರಿಂದ ಓಡುತ್ತಿರುವ ಇದು ಸುಮಾರು 340 ಕಿ.ಮೀ. ದೂರವನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಇದರ ಟಿಕೆಟ್‌ಗಳು ಬೇಗ ಮುಗಿದುಹೋಗುತ್ತವೆ. ತಾಷ್ಕೆಂಟ್‌ನಲ್ಲಿ ಎರಡು ನಿಲ್ದಾಣಗಳಿವೆ, ಉತ್ತರ ಮತ್ತು ದಕ್ಷಿಣ. ನಿಮ್ಮ ರೈಲು ಯಾವುದಕ್ಕೆ ಬರುತ್ತದೆಂದು ಟಿಕೆಟ್‌ನಲ್ಲಿ ನೋಡಿ, ನೀವು ಉಳಿಯಲಿರುವ ಮನೆಯವರಿಗೆ ತಿಳಿಸಿ.

ರೈಲು ಸುಲಭದ ಭಾಗ. ಅಲ್ಲಿನವರ ಮನೆಯಲ್ಲಿ ಉಳಿಯುವವರು ಎಡವುವುದು ಕಾಗದಪತ್ರದಲ್ಲಿ. ಸೋವಿಯತ್ ಆಡಳಿತ ಮುಗಿದರೂ ಅತಿಥಿಯ ಹೆಸರು ಬರೆದಿಡುವ ಅಭ್ಯಾಸ ಹೋಗಿಲ್ಲ. ವಿದೇಶಿಯರು ಬಂದ ಮೂರು ದಿನಗಳೊಳಗೆ ತಂಗುವ ವಿಳಾಸದಲ್ಲಿ ನೋಂದಣಿ ಆಗಿರಬೇಕು. ಹೋಟೆಲ್ಲು, ಪರವಾನಗಿಯಿರುವ ಅತಿಥಿಗೃಹಗಳು ತಾವೇ ಮಾಡುತ್ತವೆ. ಖಾಸಗಿ ಮನೆಯಾದರೆ ಮಾಲೀಕರೇ ‘ಇ-ಮೆಹ್ಮಾನ್’ ಎಂಬ ಅಂತರ್ಜಾಲ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಪಾಸ್‌ಪೋರ್ಟ್ ವಿವರ ತುಂಬಿ ಶುಲ್ಕ ಕಟ್ಟಬೇಕು. ಬಾಡಿಗೆಗೆ ಇರುವವರು ಕರೆದರೆ ಮನೆಯ ಒಡೆಯರು ಒಪ್ಪಿದ್ದಾರೆಯೇ ಎಂದು ಕೇಳಿ. ‘ನೋಂದಣಿ ಮಾಡಿಸುತ್ತೀರಾ?’ ಎಂಬ ಪ್ರಶ್ನೆಯನ್ನು ಟಿಕೆಟ್ ಕೊಳ್ಳುವ ಮೊದಲೇ ಕೇಳಬೇಕು. ಸಂಕೋಚಪಟ್ಟು ಬಿಟ್ಟರೆ ದಂಡ ನಿಮಗೂ ಅವರಿಗೂ ಬೀಳಬಹುದು. ಶುಲ್ಕವನ್ನು ನೀವೇ ಕೊಡುವುದು ಮರ್ಯಾದೆ. ಹೋಟೆಲ್ಲಿನ ನೋಂದಣಿ ಚೀಟಿ, ರಾತ್ರಿ ರೈಲಿನ ಟಿಕೆಟ್, ಎಲ್ಲವನ್ನೂ ದೇಶ ಬಿಡುವವರೆಗೆ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಇನ್ನು ಮನೆ. ಚಪ್ಪಲಿ ಹೊರಗೆ, ಅದು ನಮಗೆ ಹೇಳಿಕೊಡಬೇಕಿಲ್ಲ. ಚಹಾವನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಅರ್ಧವಷ್ಟೇ ಸುರಿಯುತ್ತಾರೆ. ಜಿಪುಣತನವೆಂದುಕೊಳ್ಳಬೇಡಿ, ಮತ್ತೆ ಮತ್ತೆ ತುಂಬಿಸುವ ಉಪಚಾರವದು. ತಂದೂರಿನ ದುಂಡು ರೊಟ್ಟಿಯನ್ನು ಬೋರಲು ಇಡಬಾರದು, ಕೈಯಿಂದಲೇ ಮುರಿಯಬೇಕು. ಹಿರಿಯ ಗಂಡಸರ ಹೆಸರಿಗೆ ‘ಅಕಾ’, ಹೆಂಗಸರ ಹೆಸರಿಗೆ ‘ಓಪಾ’ ಸೇರಿಸಿ ಕರೆಯಿರಿ. ಭಾರತವೆಂದೊಡನೆ ಹಿರಿಯರು ರಾಜ್ ಕಪೂರ್ ಹಾಡು ಗುನುಗತೊಡಗಿದರೆ ಜೊತೆಗೂಡಿ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1966ರ ಜನವರಿಯಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅವರ ಹೆಸರಿನ ಬೀದಿಯೂ ಪ್ರತಿಮೆಯೂ ಇಲ್ಲಿವೆ.

ಸಸ್ಯಾಹಾರಿಗಳು ಮೊದಲೇ ಬಾಯಿಬಿಟ್ಟು ಹೇಳಬೇಕು. ಪಲೋವ್‌ನಿಂದ ಮಾಂಸದ ತುಂಡು ತೆಗೆದು ಬಡಿಸಿದರೆ ಆಯಿತೆಂದು ಮನೆಯವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಸಮೋಸಾದಂಥ ತಿಂಡಿಯಾದ ಕುಂಬಳಕಾಯಿ ಸೋಮ್ಸಾದಲ್ಲೂ ಕುರಿಯ ಕೊಬ್ಬು ಇರಬಹುದು. ‘ಗೋಷ್ತ್‌ಸಿಜ್’, ಮಾಂಸವಿಲ್ಲದೆ, ಎಂದು ಹೇಳಿ, ಕೊಬ್ಬೂ ಬೇಡವೆಂದು ಬೇರೆಯಾಗಿ ತಿಳಿಸಿ. ರೊಟ್ಟಿ, ಮೊಸರು, ಟೊಮ್ಯಾಟೊ-ಈರುಳ್ಳಿ ಕೋಸಂಬರಿಯಿದ್ದರೆ ಹೊಟ್ಟೆ ತುಂಬುತ್ತದೆ.

ಪರಿಚಯದ ಮೇಲೆ ಕರೆದವರು ಹಣ ಮುಟ್ಟುವುದಿಲ್ಲ. ಊರಿನಿಂದ ಏಲಕ್ಕಿ, ಗೋಡಂಬಿ ಒಯ್ಯಿರಿ. ಮರೆತಿದ್ದರೆ ಮೆಟ್ರೊ ಹತ್ತಿ ಚೋರ್ಸು ಬಜಾರಿಗೆ ಹೋಗಿ ಹಣ್ಣು ತನ್ನಿ. ಆಗಸ್ಟ್ ಕಳೆದಿದ್ದರೆ ಖರಬೂಜವೇ ಆಗಲಿ, ಆರಿಸುವ ಕೆಲಸವನ್ನು ಮಾತ್ರ ಮನೆಯ ಯಾರಾದರೊಬ್ಬರಿಗೆ ಬಿಡಿ.