ಅಪ್ಪನ ವಿಂಡೋಸ್, ನನ್ನ ಲಿನಕ್ಸ್, ತಂಗಿಯ ಮ್ಯಾಕ್

ಮದುವೆ ಫೋಟೊಗಳಿಗಾಗಿ ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿತ್ತು. ಫೋಟೊ ಎಲ್ಲ ಅಪ್ಪನ ಕಂಪ್ಯೂಟರಿನಲ್ಲಿ. ಆ ಫೋಲ್ಡರನ್ನೇ ಮನೆಯ ವೈಫೈ ಮೂಲಕ ನನ್ನ, ತಂಗಿಯ ಕಂಪ್ಯೂಟರಿನಲ್ಲೂ ತೆರೆಯೋಣ ಅಂತ ಕೂತೆ.

ಅಪ್ಪನ ವಿಂಡೋಸ್‌ನಲ್ಲಿ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ 'ಪ್ರೈವೇಟ್' (ನಂಬಿಕೆಯ ನೆಟ್‌ವರ್ಕ್) ಅಂತ ಇದೆಯಾ ನೋಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಶೇರ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್‌ಫಿಗ್ (ipconfig) ಕೊಟ್ಟರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರಿನ ವಿಳಾಸ ಸಿಗುತ್ತದೆ, ಅಪ್ಪನದು 192.168.1.5. ನನ್ನ ಲಿನಕ್ಸ್ ಮಿಂಟ್‌ನ ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್-ಎಲ್ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವಿಧಾನದ ಹೆಸರು), ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಆ ವಿಳಾಸ ಹಾಕಿದೆ. ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್-ಕೆ, ಮಿಕ್ಕಿದ್ದು ಅದೇ.

ಪಾಸ್‌ವರ್ಡ್ ಕೇಳಿತು. ಅಪ್ಪ ದಿನಾ ಒತ್ತುವ ನಾಲ್ಕಂಕಿ ಪಿನ್ ಹಾಕಿ ಹಾಕಿ ಸುಮ್ನೆ ಅರ್ಧ ಸಂಜೆ ಕಳೆದೆ. ಪಿನ್ ಆ ಕಂಪ್ಯೂಟರಿಗೆ ಮಾತ್ರ, ನೆಟ್‌ವರ್ಕ್‌ನಲ್ಲಿ ನಡೆಯಲ್ಲ. ಅಕೌಂಟಿನ ಪಾಸ್‌ವರ್ಡೇ ಬೇಕು. ಅಪ್ಪನಿಗೆ ಅದು ನೆನಪಿದ್ದರೆ ತಾನೇ! ಕೊನೆಗೆ ಹಳೇ ಡೈರಿಯಲ್ಲಿ, ಗ್ಯಾಸ್ ನಂಬರ್ ಪಕ್ಕ ಸಿಕ್ಕಿತು.