ಪ್ರಾಣಿಗಳ ಪರವಾಗಿ ಲೆಕ್ಕ ಕೇಳುವ ಸಮಿತಿ: ದಾವಣಗೆರೆಯಲ್ಲಿ ಕಟ್ಟುವುದು ಹೇಗೆ?

ದಾವಣಗೆರೆಯಲ್ಲಿ ನಾಯಿ ಕಚ್ಚಿದರೆ ಚಿಗಟೇರಿ ಆಸ್ಪತ್ರೆಗೆ ಓಡುತ್ತೇವೆ. ಹಸುವಿಗೆ ವಾಹನ ಬಡಿದರೆ ಪಶು ಆಂಬುಲೆನ್ಸ್‌ಗಾಗಿ 1962ಕ್ಕೆ ಫೋನ್ ಮಾಡುತ್ತೇವೆ. ಹಂದಿ ಕಾಟಕ್ಕೆ ಪಾಲಿಕೆಯ ಆರೋಗ್ಯ ನಿರೀಕ್ಷಕರನ್ನು ಹುಡುಕುತ್ತೇವೆ. ಎಳೆಯಲಾರದಷ್ಟು ಹೇರಿ ಎತ್ತಿಗೆ ಬಾರಿಸುವುದನ್ನು ಕಂಡರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಒಂದೊಂದು ತೊಂದರೆಗೆ ಒಂದೊಂದು ಬಾಗಿಲು. ಈ ಇಲಾಖೆಗಳನ್ನೆಲ್ಲ ಆಗಾಗ ಒಂದೆಡೆ ಕೂರಿಸಿ, ಏನು ಮಾಡಿದಿರಿ ಎಂದು ಕೇಳುವ ವ್ಯವಸ್ಥೆ ನಮ್ಮ ಊರಿಗೆ ಬೇಕು.

ಅದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ದಂಡ ಹಾಕುವ, ಸಮನ್ಸ್ ಕಳಿಸುವ ಆಯೋಗ ಬೇಕೆಂದರೆ ವಿಧಾನಸಭೆಯಲ್ಲೇ ಕಾಯ್ದೆಯಾಗಬೇಕು. ಸೇವೆಗಳನ್ನು ಪರಿಶೀಲಿಸಿ, ವರದಿ ಬರೆದು, ಅಧಿಕಾರಿಗಳಿಂದ ಉತ್ತರ ಪಡೆಯುವ ಸಮಿತಿಗೆ ಈಗಿರುವ ನಿಯಮಗಳೇ ಸಾಕು. ಯಾವ ರಿಜಿಸ್ಟರ್ ತೆರೆದು ನೋಡಬಹುದು, ಎಲ್ಲಿಗೆ ಮುನ್ಸೂಚನೆ ಇಲ್ಲದೆ ಹೋಗಬಹುದು ಎಂಬುದು ಆದೇಶದಲ್ಲೇ ಬರೆದಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹೆಸರುಗಳ ಪಟ್ಟಿ ಆಮೇಲೆ.

ಮೊದಲು, ಈಗಾಗಲೇ ಏನಿದೆ ಎಂದು ತಿಳಿಯಿರಿ

ಎರಡು ವ್ಯವಸ್ಥೆಗಳು ಕಾನೂನಿನ ಪ್ರಕಾರ ಈಗಾಗಲೇ ಇರಬೇಕು. ಒಂದು, ಜಿಲ್ಲಾ ಪ್ರಾಣಿ ದಯಾ ಸಂಘ. ಪ್ರತಿ ಜಿಲ್ಲೆಯಲ್ಲೂ ಇಂಥ ಸಂಘ ಇರಬೇಕೆಂದು 2001ರ ಕೇಂದ್ರ ನಿಯಮಗಳು ಹೇಳುತ್ತವೆ. ನಮ್ಮ ರಾಜ್ಯದಲ್ಲಿ ಇದರ ಸಭೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಇನ್ನೊಂದು, 2023ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಅಡಿಯ ಸ್ಥಳೀಯ ಮೇಲ್ವಿಚಾರಣಾ ಸಮಿತಿ. ಎಬಿಸಿ ನಿಯಮ ಎಂದು ಕಚೇರಿಗಳಲ್ಲಿ ಕರೆಯುವುದು ಇದನ್ನೇ. ಪಾಲಿಕೆ ಆಯುಕ್ತರೇ ಇದರ ಅಧ್ಯಕ್ಷರು. ಪಶುವೈದ್ಯರು, ಸಾರ್ವಜನಿಕ ಆರೋಗ್ಯ ವಿಭಾಗ, ಪ್ರಾಣಿ ದಯಾ ಸಂಘ ಮತ್ತು ಊರಿನಲ್ಲಿ ಕೆಲಸ ಮಾಡುವ ಪ್ರಾಣಿ ಕಲ್ಯಾಣ ಸಂಸ್ಥೆಗಳ ಪ್ರತಿನಿಧಿಗಳು ಇದರಲ್ಲಿ ಇರಬೇಕು.

ಇವು ಕಾಗದದಲ್ಲಿವೆಯೋ, ಕೆಲಸದಲ್ಲಿವೆಯೋ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಆದ್ದರಿಂದ ಪಾಲಿಕೆಗೆ ಒಂದು, ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಇನ್ನೊಂದು ಬರೆಯಿರಿ. ಸಮಿತಿ ರಚನೆಯ ಆದೇಶದ ಪ್ರತಿ, ಕಳೆದ ಎರಡು ವರ್ಷದ ಸಭಾ ನಡಾವಳಿ, ಬೀದಿ ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯ ಟೆಂಡರ್ ಪಡೆದವರ ಕಾರ್ಯಾದೇಶ, ನಾಯಿಯೊಂದಕ್ಕೆ ಪಾವತಿಸುವ ದರ, ಚಿಕಿತ್ಸೆಯಾದ ನಾಯಿಗಳ ವಾರ್ಡ್‌ವಾರು ಸಂಖ್ಯೆ ಕೇಳಿ. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಇದೆ. ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದರೂ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಮನವಿಗೆ ಅದಕ್ಕಿಂತ ದೊಡ್ಡ ಆಧಾರ ಬೇರೆ ಇಲ್ಲ.

ಎರಡನೆಯದು, ವ್ಯಾಪ್ತಿ ಬರೆಯುವುದು

ಎಬಿಸಿ ಸಮಿತಿಯ ಕೆಲಸ ಮುಖ್ಯವಾಗಿ ನಾಯಿಗಳದು. ಆದರೆ ನಮ್ಮ ಊರಿನಲ್ಲಿ ಬಿಡಾಡಿ ದನ, ಹಂದಿ, ಗಾಡಿಯ ಎತ್ತು ಎಲ್ಲವೂ ಇವೆ. ಆದ್ದರಿಂದ ಅದೇ ಸಮಿತಿಯನ್ನು ತಳಪಾಯವಾಗಿಟ್ಟು, ಪಾಲಿಕೆಯ ನಿರ್ಣಯದ ಮೂಲಕ ಅದರ ಕೆಲಸವನ್ನು ವಿಸ್ತರಿಸುವುದು ಸರಿಯಾದ ದಾರಿ. ಎರಡು ಸಮಿತಿ ಮಾಡಿದರೆ ಅದು ಇದರ ಮೇಲೆ, ಇದು ಅದರ ಮೇಲೆ ಹೇಳುತ್ತ ಕೂರುತ್ತವೆ.

ವ್ಯಾಪ್ತಿಯಲ್ಲಿ ಬಿಡಲೇಬಾರದ ಅಂಶ ಸಂತಾನಹರಣ ಚಿಕಿತ್ಸಾ ಕೇಂದ್ರದ ತಪಾಸಣೆ. ಹಣ ಖರ್ಚಾಗುವುದು ಅಲ್ಲೇ, ಪ್ರಾಣಿ ನರಳುವುದೂ ಅಲ್ಲೇ. ಹೋದವರು ಏನು ನೋಡಬೇಕು? ಕೇಂದ್ರ ನಡೆಸುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆ ಪತ್ರ ಇದೆಯೇ. ನಾಯಿಗಳನ್ನು ಬಲೆಯಿಂದ ಅಥವಾ ಕೈಯಿಂದ ಹಿಡಿಯುತ್ತಾರೆಯೇ. ಇಕ್ಕಳ, ತಂತಿ ಬಳಸುವಂತಿಲ್ಲ. ಯಾವ ಬೀದಿಯಲ್ಲಿ ಹಿಡಿದರು ಎಂಬುದು ಪ್ರತಿ ನಾಯಿಯ ಹೆಸರಿಗೂ ದಾಖಲಾಗಿದೆಯೇ. ಆರು ತಿಂಗಳು ತುಂಬದ ಮರಿಗೆ ಕತ್ತರಿ ಹಾಕಿಲ್ಲ ತಾನೆ. ರೇಬಿಸ್ ಲಸಿಕೆ ಇಟ್ಟ ಫ್ರಿಜ್ಜಿನ ಉಷ್ಣತೆ 2ರಿಂದ 8 ಡಿಗ್ರಿಯೊಳಗಿದೆಯೇ, ಕರೆಂಟ್ ಹೋದಾಗ ಏನು ವ್ಯವಸ್ಥೆ. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಆರೈಕೆ ಸಿಗುತ್ತಿದೆಯೇ. ಕಿವಿಯ ಗುರುತು ಹಾಕಿದ್ದಾರೆಯೇ.

ಕೊನೆಯದಾಗಿ ಅಂಗಗಳ ಎಣಿಕೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸಂತಾನೋತ್ಪತ್ತಿ ಅಂಗಗಳನ್ನು ಸಂರಕ್ಷಿಸಿಟ್ಟು, ಸಮಿತಿಯ ಎದುರು ಎಣಿಸಿದ ಮೇಲಷ್ಟೇ ಬಿಲ್ಲು ಪಾವತಿಯಾಗಬೇಕು. ಕೇಳಲು ಮುಜುಗರ ಎನಿಸಬಹುದು, ಆದರೆ ಮಾಡದ ಚಿಕಿತ್ಸೆಗೆ ದುಡ್ಡು ಹೋಗದಂತೆ ತಡೆಯುವ ನಂಬಿಕಸ್ಥ ದಾರಿ ಇದೇ. ಇಷ್ಟನ್ನೂ ಮುನ್ಸೂಚನೆ ಇಲ್ಲದೆ ಹೋಗಿ ನೋಡುವ ಅಧಿಕಾರ ಸದಸ್ಯರಿಗಿದೆ ಎಂದು ಆದೇಶದಲ್ಲಿ ಸ್ಪಷ್ಟವಾಗಿ ಬರೆಸಿ.

ಎತ್ತಿನ ಗಾಡಿಗೂ ನಿಯಮವಿದೆ. 1965ರ ಕೇಂದ್ರ ನಿಯಮಗಳಂತೆ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ; ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಊರಿನ ಬಿಸಿಲು ಹೇಗಿರುತ್ತದೆಂದು ಹೇಳಬೇಕಿಲ್ಲ. ಎಪಿಎಂಸಿ ಪ್ರಾಂಗಣದಲ್ಲಿ ನೆರಳು, ನೀರಿನ ತೊಟ್ಟಿ ಇವೆಯೇ ಎಂದು ನೋಡುವುದು ಸಮಿತಿಯ ಕೆಲಸವಾಗಲಿ. ಗಾಡಿಯವರನ್ನು ಅಪರಾಧಿಗಳಂತೆ ಕಾಣುವುದು ಬೇಡ, ಅವರ ಹೊಟ್ಟೆಪಾಡೂ ಆ ಎತ್ತಿನ ಮೇಲೇ ನಿಂತಿದೆ.

ಬೀದಿ ನಾಯಿಗಳ ಬಗೆಗಿನ ಸುಪ್ರೀಂ ಕೋರ್ಟ್ ಆದೇಶಗಳನ್ನು ಓದಿಕೊಂಡೇ ಈ ವ್ಯಾಪ್ತಿಯ ಕರಡು ಬರೆಯಿರಿ. 2025ರ ಆಗಸ್ಟ್ 22ರ ಆದೇಶ, ಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು ಎಂದಿತು. ರೇಬಿಸ್ ಇರುವ ಮತ್ತು ಮೇಲೆ ಎರಗುವ ನಾಯಿಗಳಿಗೆ ಇದು ಅನ್ವಯಿಸದು. ಆಹಾರ ಹಾಕಲು ವಾರ್ಡ್‌ಗಳಲ್ಲಿ ಜಾಗ ಗುರುತಿಸಬೇಕೆಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡದೆ ಆಶ್ರಯ ತಾಣದಲ್ಲಿ ಇಡಬೇಕು ಎನ್ನುತ್ತದೆ. ಹೆದ್ದಾರಿಯ ದನಗಳ ಬಗ್ಗೆಯೂ ಅದರಲ್ಲಿ ನಿರ್ದೇಶನವಿದೆ, ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ನಮಗೆ ಅದು ಮುಖ್ಯ. ಹಾಗಾದರೆ ಆಶ್ರಯ ತಾಣ ಎಲ್ಲಿ, ಮೇವು ಯಾರದು, ವೈದ್ಯರು ಯಾರು? ಈ ಪ್ರಶ್ನೆ ಮೊದಲ ಸಭೆಯ ಕಾರ್ಯಸೂಚಿಯಲ್ಲೇ ಇರಬೇಕು.

ಸದಸ್ಯರು ಯಾರಿರಬೇಕು?

ನಿಯಮ ಹೇಳಿದವರು ಹೇಗೂ ಇರುತ್ತಾರೆ. ಅವರ ಜೊತೆಗೆ ನಾನು ಮೂವರನ್ನು ಸೇರಿಸಲೇಬೇಕು ಎನ್ನುತ್ತೇನೆ. ನಗರದ ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಕೀಯ ವಿಭಾಗದವರು ಒಬ್ಬರು, ಏಕೆಂದರೆ ಎಲ್ಲಿ ಹೆಚ್ಚು ಜನರಿಗೆ ಕಚ್ಚುತ್ತಿದೆ ಎಂಬ ನಕ್ಷೆ ಆಸ್ಪತ್ರೆಯ ರಿಜಿಸ್ಟರಿನಿಂದಲೇ ಹೊರಡಬೇಕು. ಪೌರಕಾರ್ಮಿಕರ ಪ್ರತಿನಿಧಿ ಒಬ್ಬರು. ಬೆಳಗಿನ ಜಾವ ಬೀದಿಗಿಳಿಯುವ ಅವರಷ್ಟು ಚೆನ್ನಾಗಿ ಊರಿನ ನಾಯಿಗಳನ್ನು ಬಲ್ಲವರಿಲ್ಲ, ಕಚ್ಚಿಸಿಕೊಳ್ಳುವವರಲ್ಲೂ ಅವರೇ ಮುಂದೆ. ಮೂರನೆಯವರು ನಾಯಿಗಳಿಂದ ತೊಂದರೆ ಅನುಭವಿಸಿದ ಕುಟುಂಬದವರು. ಅನ್ನ ಹಾಕುವವರು ಮಾತ್ರ ಕೂತ ಸಮಿತಿಯನ್ನು ಊರು ನಂಬುವುದಿಲ್ಲ. ಕಚ್ಚಿಸಿಕೊಂಡ ಮಗುವಿನ ತಾಯಿಯ ಮಾತು ಕೇಳದೆ ಮಾಡಿದ ಪ್ರಾಣಿ ದಯೆ ಹೆಚ್ಚು ದಿನ ಬಾಳದು. ಶಸ್ತ್ರಚಿಕಿತ್ಸೆಯ ಗುತ್ತಿಗೆದಾರರಿಗೂ ಅವರ ಸಂಬಂಧಿಕರಿಗೂ ಸ್ಥಾನ ಬೇಡ.

ಮನವಿಯಿಂದ ನಿರ್ಣಯದವರೆಗೆ

ಎರಡು ಪುಟದ ಕರಡು ಸಾಕು. ಅದನ್ನು ಆಯುಕ್ತರ ಕಚೇರಿಯ ಟಪಾಲಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಜಿಲ್ಲಾಧಿಕಾರಿಗಳಿಗೂ ಒಂದು ಪ್ರತಿ ಕೊಡಿ. ನಿಮ್ಮ ವಾರ್ಡಿನ ಸದಸ್ಯರ ಮೂಲಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಮುಂದಿಡಿಸಿ. ಅಲ್ಲಿಂದ ಸಾಮಾನ್ಯ ಸಭೆಗೆ ಹೋಗಲಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಈ ಅಧಿಕಾರ ಆಡಳಿತಾಧಿಕಾರಿಗಳ ಕೈಯಲ್ಲಿರುತ್ತದೆ, ನೇರವಾಗಿ ಅವರಿಗೇ ಬರೆಯಿರಿ.

ಬಜೆಟ್ ಪೂರ್ವಭಾವಿ ಸಭೆಗೆ ತಪ್ಪದೆ ಹೋಗಿ. ಲಸಿಕೆ, ಶಸ್ತ್ರಚಿಕಿತ್ಸೆ, ಆಶ್ರಯ ತಾಣ ಮೂರಕ್ಕೂ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಕೇಳಿ.

ಮೊದಲ ಕೆಲಸ ಎಣಿಕೆ

ಸಮಿತಿ ಕೂತ ಮೇಲೆ ಬೇರೆಲ್ಲ ಬಿಟ್ಟು ನಾಯಿಗಳ ಎಣಿಕೆ ಮಾಡಿಸಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಿಲ್ಲ, ಮಾರ್ಗದರ್ಶನ ಕೇಳಬಹುದು. ರೇಬಿಸ್ ತಡೆಯಲು ಕನಿಷ್ಠ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬೀಳಬೇಕು ಎಂಬುದು ಒಪ್ಪಿತ ಲೆಕ್ಕ, 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಕೊನೆಗಾಣಿಸುವುದು ದೇಶದ ಗುರಿ. ಒಟ್ಟು ಎಷ್ಟಿವೆ ಎಂದೇ ಗೊತ್ತಿಲ್ಲದಿದ್ದರೆ ಶೇ 70 ತಲುಪಿದೆವೋ ಇಲ್ಲವೋ ಹೇಳುವವರು ಯಾರು? ಚಿಕಿತ್ಸೆಯನ್ನೂ ಊರಿಡೀ ಅಲ್ಲೊಂದು ಇಲ್ಲೊಂದು ಮಾಡದೆ, ನಿಟುವಳ್ಳಿ ಮುಗಿಸಿ ವಿದ್ಯಾನಗರ ಎಂಬಂತೆ ಬಡಾವಣೆ ಹಿಡಿದು ಪೂರ್ತಿ ಮಾಡಬೇಕು. ಉಳಿದ ನಾಲ್ಕಾರು ನಾಯಿಗಳೇ ಮತ್ತೆ ಬೀದಿ ತುಂಬಿಸುತ್ತವೆ.

ಪ್ರತಿ ಸಭೆಯ ನಡಾವಳಿ ಕನ್ನಡದಲ್ಲಿ, ಪಾಲಿಕೆಯ ಸೂಚನಾ ಫಲಕದಲ್ಲಿ ಬೀಳಲಿ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಮೊದಲ ಅಪರಾಧಕ್ಕೆ ಅದು ಹೇಳುವ ದಂಡ 10ರಿಂದ 50 ರೂಪಾಯಿ. ಆದರೆ ಪ್ರಾಣಿಯನ್ನು ಕೊಂದರೆ ಅಥವಾ ಊನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಐದು ವರ್ಷದವರೆಗೆ ಶಿಕ್ಷೆಗೆ ಅವಕಾಶ ಕೊಡುತ್ತದೆ. ಠಾಣೆಯಲ್ಲಿ ದೂರು ಕೊಡುವಾಗ ಈ ಸೆಕ್ಷನ್ ಹೆಸರಿಸಿ, ಆ ದೂರು ಏನಾಯಿತು ಎಂದು ಸಮಿತಿಯ ಮುಂದಿನ ಸಭೆಯಲ್ಲಿ ಕೇಳಿಸಿ.

ಹರಿಹರ ನಗರಸಭೆಗೂ ಜಗಳೂರು ಪಟ್ಟಣ ಪಂಚಾಯಿತಿಗೂ ಎಬಿಸಿ ನಿಯಮ ಇದೇ. ಚಿಕ್ಕ ಊರುಗಳು ಒಂದೊಂದು ಶಸ್ತ್ರಚಿಕಿತ್ಸಾ ಕೇಂದ್ರ ಕಟ್ಟುವುದು ಕಷ್ಟ; ಎರಡು ಮೂರು ಊರು ಸೇರಿ ಒಂದನ್ನು ನಡೆಸಲು ಜಿಲ್ಲಾ ಪ್ರಾಣಿ ದಯಾ ಸಂಘದ ಸಭೆಯಲ್ಲಿ ಪ್ರಸ್ತಾವ ಇಡಬಹುದು. ಅಲ್ಲಿನ ಮನವಿಗೂ ಮೇಲಿನ ಕರಡೇ ಸಾಲುತ್ತದೆ, ಆಯುಕ್ತರ ಜಾಗದಲ್ಲಿ ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿ ಎಂದು ಬದಲಿಸಿಕೊಳ್ಳಿ.