ಹಂಚಿನ ಮೇಲಿದ್ದ 1865

ಸಾಗರದ ನಮ್ಮ ಮನೆಗೆ ನೂರೈವತ್ತು ವರ್ಷ ದಾಟಿದೆ ಅಂತ ಒಂದು ವಾರ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸೋರುತ್ತಿದ್ದ ಮಾಡಿನಿಂದ ಇಳಿಸಿದ ಹಂಚೊಂದನ್ನು ಮಗುಚಿ ನೋಡಿದ್ದೆ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಸರು, ಜೊತೆಗೆ 1865. ಆಮೇಲೆ ಗೊತ್ತಾಯಿತು, ಅದು ಮಂಗಳೂರಿನ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಹಂಚು ಸುಟ್ಟ ವರ್ಷ ಅಲ್ಲ! ಹಿತ್ತಿಲ ಕಡೆ ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿನ ಹಂಚೂ ಇದ್ದವು. ಕಾರ್ಖಾನೆ ಆ ಟ್ರಸ್ಟಿನ ಕೈಗೆ ಹೋದದ್ದು ಮೊದಲ ಮಹಾಯುದ್ಧದ ನಂತರ. ಅಂದರೆ ಆ ಹಂಚು ಅದಕ್ಕಿಂತ ಹಳೆಯದಲ್ಲ. ಅದೂ ಬೇರೆ ಮನೆ ಬಿಚ್ಚಿದಾಗ ತಂದದ್ದಿರಬಹುದು. ನಮ್ಮ ಕಡೆ ಹಂಚು, ತೊಲೆ ಯಾರೂ ಬಿಸಾಡುವುದಿಲ್ಲ.

ಸರಿ, ಕಾಗದ ಹಿಡಿದೆ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇ.ಸಿ. (ಋಣಭಾರ ಪತ್ರ). 2004ರಿಂದ ಈಚಿನದನ್ನು ಮನೆಯಲ್ಲೇ ಕೂತು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನ್‌ನಲ್ಲಿ ತೆಗೆದೆ. ಹಳೆಯದಕ್ಕೆ ಅರ್ಜಿ ಕೊಟ್ಟು ಮೂರು ಸಲ ಓಡಾಡಿದೆ. ಬಂದದ್ದು ಎರಡೇ ಸಾಲು: ಒಂದು ಕ್ರಯ, ಒಂದು ಅಡಮಾನ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಮಾಡಿಕೊಂಡ ಪಾಲು ಇ.ಸಿ.ಯಲ್ಲಿ ಬರುವುದಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತಿಲ್ಲ, ಹಾಗಾಗಿ ಬಾಡಿಗೆಯವರೂ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅವರೇ. ಮನೆ ಯಾರದ್ದು ಅನ್ನುವುದಕ್ಕಿಂತ ಅಲ್ಲಿ ಒಲೆ ಹಚ್ಚಿದವರು ಯಾರು ಅಂತ.

ಅವರು ಸಿಕ್ಕಿದ್ದು ಪಕ್ಕದ ಮನೆಯ ಕ್ರಯಪತ್ರದಲ್ಲಿ. ಅಲ್ಲಿನ ಅಜ್ಜಿ ಸುಮ್ನೆ ನೋಡು ಅಂತ ಟ್ರಂಕಿನಿಂದ ತೆಗೆದುಕೊಟ್ಟರು. ಮಡಿಕೆಯಲ್ಲಿ ಹರಿದಿತ್ತು, ಜಿರಲೆ ತಿಂದಿತ್ತು. ಕೊನೆಯಲ್ಲಿ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರ: ‘ಪಶ್ಚಿಮಕ್ಕೆ ಟೈಲರ್ ವಾಸವಿರುವ ಮನೆ.’ ಅವರ ಪಶ್ಚಿಮ ಅಂದರೆ ನಾವೇ ಅಲ್ವಾ? ನಮ್ಮ ಕಾಗದದಲ್ಲಿ ಟೈಲರ್ ಸುಳಿವೇ ಇಲ್ಲ.

“ಅವರು ಮುಳುಗಡೆಯವರು ಮಾರಾಯಾ,” ಅಂದರು ಅಜ್ಜಿ. “ಕರೂರು ಸೀಮೆಯಿಂದ ಬಂದವರು. ಜಗುಲಿ ಮೇಲೇ ಹೊಲಿಗೆ ಮಿಷನ್ ಇಟ್ಕೊಂಡಿದ್ರು.” ಅಂದರೆ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಊರು ಮುಳುಗಿ ಎದ್ದು ಬಂದವರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಕ್ರಯಪತ್ರದ ಕಾಲಕ್ಕೆ ಲೆಕ್ಕ ಕೂಡಿತು.

ನಮ್ಮ ಜಗುಲಿಯ ಕಾವಿ ನೆಲದಲ್ಲಿ ನಾಲ್ಕು ಗುಳಿಗಳಿವೆ. ಚಿಕ್ಕವರಿದ್ದಾಗ ಅದರಲ್ಲೇ ಗೋಲಿ ಆಡುತ್ತಿದ್ದೆವು. ಟೇಪು ತಂದು ಅಳೆದೆ. ಅಮ್ಮನ ಹಳೇ ಹೊಲಿಗೆ ಮಿಷನ್ನಿನ ಕಾಲುಗಳನ್ನೂ ಅಳೆದೆ. ಅಂತರ ಹೆಚ್ಚುಕಮ್ಮಿ ಒಂದೇ.

ಉತ್ತರದ ಮನೆಯವರು ಈಗ ಬೆಂಗಳೂರಲ್ಲಿದ್ದಾರೆ. ದೀಪಾವಳಿಗೆ ಬಂದಾಗ ಅವರ ಕ್ರಯಪತ್ರ ತರುತ್ತೇನೆ ಅಂದಿದ್ದಾರೆ. ಅದು ಇನ್ನೂ ಹಳೆಯದಂತೆ.